ಖಾಲಿ ಬಿಟ್ಟ ಕಾಲಂಗಳಲ್ಲಿ ಸಿಕ್ಕ ಚಾರ್ಲ್ಸ್ ಇಂಗಲ್ಸ್

ಚಾರ್ಲ್ಸ್ ಇಂಗಲ್ಸ್ ನಮ್ಮ ಮುತ್ತಜ್ಜನ ಅಪ್ಪ ಅಂತ ಯಾರಾದರೂ ಹೇಳಿದರೆ ಮರ್ಯಾದೆಗೆ ತಲೆಯಾಡಿಸಿ, ಆದರೆ ನಂಬಬೇಡಿ. ಯಾಕೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಹತ್ತೊಂಬತ್ತನೇ ಶತಮಾನದ ಅಮೆರಿಕದ ಈ ರೈತನನ್ನು ಹುಡುಕೋಣ.

ನಮ್ಮ ಮನೆಯ ವಂಶವೃಕ್ಷ ಮುತ್ತಜ್ಜನ ಹತ್ತಿರ ನಿಂತುಬಿಡುತ್ತದೆ. ಅದರಾಚೆ ಕಾಗದ ಇಲ್ಲ, ಹೇಳುವವರೂ ಇಲ್ಲ. ಆದರೂ ಹುಡುಕುವ ಚಟ ಬಿಡಲಿಲ್ಲ. ಹಾಗಾಗಿ ಕಾಗದ ಧಾರಾಳವಾಗಿ ಉಳಿದಿರುವ ಕಡೆ ಕೈ ಪಳಗಿಸಿಕೊಳ್ಳೋಣ ಅಂದುಕೊಂಡೆ. ಅಮೆರಿಕದ ಮಿಡ್‌ವೆಸ್ಟ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹತ್ತು ವರ್ಷಕ್ಕೊಮ್ಮೆ ಜನಗಣತಿ, ಜಮೀನಿನ ಕಡತ, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕ್ರಯಪತ್ರ, ಊರಿಗೊಂದು ಪತ್ರಿಕೆ. ಚಾರ್ಲ್ಸ್‌ನನ್ನೇ ಆರಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣ ಇದೆ. ಅವನ ಎರಡನೇ ಮಗಳು ಲಾರಾ ಇಂಗಲ್ಸ್ ವೈಲ್ಡರ್ ಅರವತ್ತು ದಾಟಿದ ಮೇಲೆ ತನ್ನ ಬಾಲ್ಯದ ಬಗ್ಗೆ ಮಕ್ಕಳ ಕಾದಂಬರಿಗಳನ್ನು ಬರೆದು ಹೆಸರಾದಳು. ಅಂದರೆ ಒಂದು ಕಡೆ ಮನೆಮಂದಿಯ ನೆನಪು, ಇನ್ನೊಂದು ಕಡೆ ಸರ್ಕಾರದ ಕಾಗದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಎಲ್ಲರ ವಿಷಯದಲ್ಲೂ ಸಿಗೋದಿಲ್ಲ, ಅಲ್ವಾ?

ಹುಡುಕಾಟ ಸಾವಿನಿಂದ ಶುರುವಾಗಬೇಕು, ಹುಟ್ಟಿನಿಂದಲ್ಲ. ಹೊಸಬರು ಎಡವುವುದು ಇಲ್ಲೇ. ಹಡಗು ಇಳಿದ ಪೂರ್ವಜನಿಂದ ಶುರು ಮಾಡಿ ಕೆಳಗೆ ಬರೋಕೆ ಹೋಗುತ್ತಾರೆ, ಅರ್ಧ ದಾರಿಯಲ್ಲಿ ಅದೇ ಹೆಸರಿನ ಇನ್ಯಾರನ್ನೋ ಹಿಡಿದುಕೊಳ್ಳುತ್ತಾರೆ.

ಚಾರ್ಲ್ಸ್ ತೀರಿಕೊಂಡದ್ದು 1902ರ ಜೂನ್ 8ರಂದು, ದಕ್ಷಿಣ ಡಕೋಟದ ಡಿ ಸ್ಮೆಟ್ ಎಂಬ ಪುಟ್ಟ ಊರಲ್ಲಿ. ಸಮಾಧಿ ಅಲ್ಲೇ ಇದೆ. ಅಲ್ಲಿಂದ ಹಿಂದಕ್ಕೆ ಹೋದರೆ 1900ರ ಜನಗಣತಿ ಸಿಗುತ್ತದೆ. ಅದರ ಹಿಂದಿನದು 1890ರದ್ದು, ಅದು ಇಲ್ಲ. ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ 1921ರ ಜನವರಿ 10ರಂದು ಬೆಂಕಿ ಬಿತ್ತು, 1890ರ ಜನಗಣತಿ ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು. ಸುಮ್ನೆ ಒಂದು ಮಾತು: ಜನವರಿ 10 ಚಾರ್ಲ್ಸ್‌ನ ಹುಟ್ಟಿದ ದಿನ. ಅವನ ಹಿರಿಮಗಳು ಮೇರಿಯದ್ದೂ ಅದೇ ದಿನ.

ಜನಗಣತಿ ಸುಟ್ಟರೂ ಜಮೀನಿನ ಕಾಗದ ಉಳಿದಿದೆ. 1862ರ ಹೋಮ್‌ಸ್ಟೆಡ್ ಕಾಯಿದೆ ಪ್ರಕಾರ 160 ಎಕರೆ ಸರ್ಕಾರಿ ಭೂಮಿಯನ್ನು ಅರ್ಜಿ ಶುಲ್ಕ ಕಟ್ಟಿ ಹಿಡಿಯಬಹುದಿತ್ತು. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉಳುಮೆ ಮಾಡಿದರೆ ಅದು ನಿನ್ನದೇ. ಆದರೆ ಮಾಡಿದ್ದೇನೆ ಅಂತ ರುಜುವಾತು ಕೊಡಬೇಕು, ನೆರೆಹೊರೆಯ ಇಬ್ಬರು ಸಾಕ್ಷಿ ಹೇಳಬೇಕು. ಚಾರ್ಲ್ಸ್ 1880ರ ಫೆಬ್ರವರಿಯಲ್ಲಿ ಅರ್ಜಿ ಹಾಕಿದ, 1886ರಲ್ಲಿ ರುಜುವಾತು ಕೊಟ್ಟ. ಆ ಕಡತ ಇವತ್ತಿಗೂ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಪಟ್ಟೆ, ಅಂದರೆ ಸರ್ಕಾರ ಕೊಡುವ ಹಕ್ಕುಪತ್ರ, ಒಂದೇ ಹಾಳೆ, ಅದರಲ್ಲಿ ಹೆಸರು ಮತ್ತು ಸರ್ವೆ ವಿವರ ಬಿಟ್ಟರೆ ಏನೂ ಇರೋದಿಲ್ಲ. ತಿರುಳೆಲ್ಲ ಇರೋದು ಅದರ ಹಿಂದಿನ ಕಡತದಲ್ಲಿ. ನಿನ್ನ ಮನೆ ಎಷ್ಟು ದೊಡ್ಡದು, ಎಷ್ಟು ಎಕರೆ ಉತ್ತಿದ್ದೀಯ, ಮನೆಯಲ್ಲಿ ಯಾರ್ಯಾರಿದ್ದಾರೆ, ಈ ಐದು ವರ್ಷದಲ್ಲಿ ಎಷ್ಟು ದಿನ ಜಾಗ ಬಿಟ್ಟು ಹೋಗಿದ್ದೆ, ಯಾಕೆ ಹೋಗಿದ್ದೆ. ನಮ್ಮ ಪಹಣಿಯಲ್ಲಿ ಇಂಥ ಪ್ರಶ್ನೆಗಳಿದ್ದಿದ್ದರೆ ಎಷ್ಟು ಮನೆತನಗಳ ಕತೆ ಉಳಿದಿರುತ್ತಿತ್ತೋ! ತುಂಬ ಜನ ಪಟ್ಟೆಯ ಚಿತ್ರ ಇಳಿಸಿಕೊಂಡು ತೃಪ್ತರಾಗುತ್ತಾರೆ, ಕಡತದ ಪ್ರತಿ ತರಿಸಿಕೊಳ್ಳುವುದೇ ಇಲ್ಲ.

1879ರಲ್ಲಿ ಈ ಸಂಸಾರ ಡಕೋಟಕ್ಕೆ ಬಂದದ್ದು ರೈಲಿನ ಹಿಂದೆ. ಶಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿ ಪಶ್ಚಿಮಕ್ಕೆ ಹಳಿ ಹಾಕುತ್ತಿತ್ತು, ಚಾರ್ಲ್ಸ್‌ಗೆ ಅಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಅದೇ ವರ್ಷ ಮೇರಿ ಕುರುಡಾದಳು. ಕಾದಂಬರಿಯಲ್ಲಿ ಅದಕ್ಕೆ ಕಾರಣ ಸ್ಕಾರ್ಲೆಟ್ ಜ್ವರ. ಊರಿನ ಪತ್ರಿಕೆಯ ಚುಟುಕು ಸುದ್ದಿಗಳಲ್ಲಿ ಬರುವುದು ಬೇರೆ: ಮೇರಿ ವಿಪರೀತ ತಲೆನೋವಿನಿಂದ ಹಾಸಿಗೆ ಹಿಡಿದಿದ್ದಾಳೆ. 2013ರಲ್ಲಿ ವೈದ್ಯರ ಒಂದು ತಂಡ ಈ ಪತ್ರಿಕೆ ಸುದ್ದಿಗಳನ್ನೂ ಲಾರಾಳ ಬರಹಗಳನ್ನೂ ಸೇರಿಸಿ ನೋಡಿ, ಇದು ಮೆದುಳು ಮತ್ತು ಅದರ ಪೊರೆಗೆ ತಗುಲಿದ ವೈರಸ್ ಸೋಂಕು ಇರಬೇಕು ಎಂದಿತು. ಹಳೇ ಪತ್ರಿಕೆಗಳಲ್ಲಿ ಮದುವೆ, ಸಾವಿನ ಸುದ್ದಿ ಮಾತ್ರ ಹುಡುಕುವವರು ಇದನ್ನು ಗಮನಿಸಬೇಕು. ಯಾರು ಯಾರ ಮನೆಗೆ ಬಂದರು, ಯಾರಿಗೆ ಮೈ ಸರಿಯಿಲ್ಲ ಅನ್ನುವ ಎರಡು ಸಾಲಿನ ಹರಟೆಯಲ್ಲೇ ಜಾಸ್ತಿ ಸಿಗುತ್ತದೆ. ಮೇರಿ 1881ರಲ್ಲಿ ಅಯೋವದ ವಿಂಟನ್‌ನಲ್ಲಿದ್ದ ಅಂಧರ ಶಾಲೆಗೆ ಸೇರಿ 1889ರಲ್ಲಿ ಓದು ಮುಗಿಸಿದಳು. ಡಕೋಟದಲ್ಲಿ ಆಗ ಅಂಥ ಶಾಲೆ ಇರಲಿಲ್ಲ.

ಈಗ 1870 ಮತ್ತು 1880ರ ನಡುವಿನ ಹತ್ತು ವರ್ಷಕ್ಕೆ ಬನ್ನಿ. ನನಗೆ ಈ ಇಡೀ ಪ್ರಕರಣದಲ್ಲಿ ಮನಸ್ಸಿಗೆ ತಟ್ಟಿದ್ದು ಇದೇ ಭಾಗ.

ಎರಡು ಜನಗಣತಿಗಳನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ಸಲೀಸು. 1870ರ ಹೊತ್ತಿಗೆ ಮೇರಿ, ಲಾರಾ, ಆಮೇಲೆ ಕೂಸು ಕ್ಯಾರಿ. 1880ರ ಹೊತ್ತಿಗೆ ಅವರ ಜೊತೆ ಗ್ರೇಸ್. ನಾಲ್ಕು ಹೆಣ್ಣುಮಕ್ಕಳು, ಕಾದಂಬರಿಗಳಲ್ಲೂ ನಾಲ್ಕೇ. ಆದರೆ ಕ್ಯಾರಿ ಹುಟ್ಟಿದ್ದು 1870ರ ಆಗಸ್ಟ್‌ನಲ್ಲಿ, ಗ್ರೇಸ್ ಹುಟ್ಟಿದ್ದು 1877ರ ಮೇ ತಿಂಗಳಲ್ಲಿ. ಉಳಿದವರ ನಡುವೆ ಎರಡು ವರ್ಷ, ಮೂರೂವರೆ ವರ್ಷ ಅಂತರ ಇದೆ, ಇಲ್ಲಿ ಮಾತ್ರ ಹತ್ತಿರ ಹತ್ತಿರ ಏಳು ವರ್ಷ. ಹಳೇ ಕಾಲದ ಸಂಸಾರದಲ್ಲಿ ಇಷ್ಟು ದೊಡ್ಡ ಸಂದು ಕಂಡರೆ ಕೈಬೆರಳು ಅಲ್ಲೇ ನಿಲ್ಲಬೇಕು.

ಆ ಸಂದಿನಲ್ಲಿ ಒಬ್ಬ ಮಗ ಇದ್ದ. ಚಾರ್ಲ್ಸ್ ಫ್ರೆಡರಿಕ್, ಮನೆಯಲ್ಲಿ ಫ್ರೆಡ್ಡಿ. ಹುಟ್ಟಿದ್ದು 1875ರ ನವೆಂಬರ್ 1, ಮಿನ್ನೆಸೋಟದ ವಾಲ್ನಟ್ ಗ್ರೋವ್‌ನಲ್ಲಿ. ಸತ್ತದ್ದು 1876ರ ಆಗಸ್ಟ್ 27. ಹತ್ತು ತಿಂಗಳೂ ತುಂಬಿರಲಿಲ್ಲ. 1870ರ ಜನಗಣತಿಗೆ ಅವನು ಹುಟ್ಟಿರಲಿಲ್ಲ, 1880ರದ್ದಕ್ಕೆ ಉಳಿದಿರಲಿಲ್ಲ. ಮಿನ್ನೆಸೋಟ ರಾಜ್ಯ ತನ್ನದೇ ಒಂದು ಜನಗಣತಿಯನ್ನು 1875ರಲ್ಲಿ ಮಾಡಿತ್ತು, ಆದರೆ ಅದು ಮೇ ತಿಂಗಳದ್ದು. ಅಲ್ಲೂ ಆರು ತಿಂಗಳಿಂದ ತಪ್ಪಿಹೋಯಿತು. ಅಕ್ಕ ಲಾರಾ ಕಾದಂಬರಿಗಳಲ್ಲಿ ಅವನನ್ನು ಸೇರಿಸಲಿಲ್ಲ. ಸಮಾಧಿಯ ಮೇಲೆ ಕಲ್ಲೂ ಇಲ್ಲ.

ಹಾಗಾದರೆ ಇಂಥ ಮಗು ಸಿಗೋದು ಹೇಗೆ? ಮನೆಯವರ ದಾಖಲೆ ಮತ್ತು ಲಾರಾ ಬದುಕಿದ್ದಾಗ ಅಚ್ಚಾಗದೆ ಉಳಿದಿದ್ದ ಅವಳ ನೆನಪಿನ ಹಸ್ತಪ್ರತಿಯಿಂದ ಈ ಸಂಸಾರದ ವಿಷಯದಲ್ಲಿ ಸಿಕ್ಕಿತು. ಅದೂ ಇಲ್ಲದವರಿಗೆ 1900ರ ಜನಗಣತಿ ಒಂದು ದಾರಿ. ಅದರಲ್ಲಿ ಪ್ರತಿ ತಾಯಿಗೂ ಎರಡು ಪ್ರಶ್ನೆ ಇತ್ತು: ಎಷ್ಟು ಮಕ್ಕಳನ್ನು ಹೆತ್ತೆ, ಅವರಲ್ಲಿ ಎಷ್ಟು ಜನ ಬದುಕಿದ್ದಾರೆ. ಎರಡು ಅಂಕಿ, ಪಕ್ಕಪಕ್ಕದ ಎರಡು ಪುಟ್ಟ ಚೌಕ. ಅವುಗಳ ನಡುವಿನ ವ್ಯತ್ಯಾಸವೇ ಹೆಸರಿಲ್ಲದ ಕೂಸುಗಳು. ಯಾವ ಸಂಸಾರವನ್ನು ಹುಡುಕುತ್ತಿದ್ದರೂ ನಾನು ಈಗ ಮೊದಲು ನೋಡೋದು ಆ ಎರಡು ಚೌಕಗಳನ್ನೇ.

ಫ್ರೆಡ್ಡಿ ಹುಟ್ಟಿದ ಕಾಲ ಹೇಗಿತ್ತು ಅನ್ನೋದಕ್ಕೂ ಒಂದು ಕಾಗದ ಇದೆ. 1873ರಿಂದ 1877ರವರೆಗೆ ಮಿನ್ನೆಸೋಟದ ಮೇಲೆ ರಾಕಿ ಪರ್ವತದ ಮಿಡತೆಗಳು ದಂಡೆತ್ತಿ ಬಂದವು. ಹೊಲಕ್ಕೆ ಹೊಲವೇ ಬೋಳಾಯಿತು. ಸರ್ಕಾರ ಪರಿಹಾರ ಕೊಡೋಕೆ ಮುಂದಾಯಿತು, ಆದರೆ ಒಂದು ಷರತ್ತಿನ ಮೇಲೆ: ನನ್ನ ಹತ್ತಿರ ಏನೂ ಇಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕಬೇಕು. 1875ರ ನವೆಂಬರ್ ಕೊನೆಗೆ, ಮಗನಿಗೆ ಒಂದು ತಿಂಗಳು ತುಂಬುವ ಹೊತ್ತಿಗೆ, ಚಾರ್ಲ್ಸ್ ಆ ಸಹಿ ಹಾಕಿದ. ಸಿಕ್ಕಿದ್ದು ಎರಡು ಅರ್ಧ ಪೀಪಾಯಿ ಹಿಟ್ಟು, ಬೆಲೆ 5 ಡಾಲರ್ 25 ಸೆಂಟ್. ಯಾರ ಹಂಗಿಗೂ ಬೀಳದವನು ಅಂತ ಮಗಳು ಪುಸ್ತಕದ ತುಂಬ ಬಣ್ಣಿಸಿದ ಅಪ್ಪ ಇವನೇ. ಇದನ್ನು ನೋಡಿ ಲಾರಾ ಸುಳ್ಳು ಬರೆದಳು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಪ್ಪ ಸಾಲಕ್ಕೋ ದಾನಕ್ಕೋ ಕೈಚಾಚಿದ ದಿನವನ್ನು ಎಂಟು ವರ್ಷದ ಮಗಳಿಗೆ ಯಾರು ಹೇಳುತ್ತಾರೆ? ಆ ಮಿಡತೆಯ ಕತೆಯೂ ವಿಚಿತ್ರ. ಲಕ್ಷ ಲಕ್ಷ ಬಂದದ್ದು ಮೂವತ್ತು ವರ್ಷದೊಳಗೆ ಪೂರ್ತಿ ನಾಮಾವಶೇಷವಾಯಿತು. ಅದು ಜೀವಂತವಾಗಿ ಕೊನೇ ಸಲ ಸಿಕ್ಕಿದ್ದು 1902ರಲ್ಲಿ, ಚಾರ್ಲ್ಸ್ ಸತ್ತ ವರ್ಷ.

1876ರಲ್ಲಿ ಜಮೀನನ್ನು 400 ಡಾಲರಿಗೆ ಮಾರಿ ಸಂಸಾರ ಪೂರ್ವಕ್ಕೆ ತಿರುಗಿತು. ದಾರಿಯಲ್ಲಿ ಅಣ್ಣತಮ್ಮಂದಿರಲ್ಲೊಬ್ಬನಾದ ಪೀಟರ್‌ನ ಹೊಲದಲ್ಲಿ ಬೇಸಿಗೆ ಕಳೆದರು, ಫ್ರೆಡ್ಡಿ ಸತ್ತದ್ದು ಅಲ್ಲೇ. ಆಮೇಲೆ ಅಯೋವದ ಬರ್ ಓಕ್‌ನಲ್ಲಿ ಒಂದು ಹೋಟೆಲ್ ನೋಡಿಕೊಳ್ಳುವ ಕೆಲಸ. ಗ್ರೇಸ್ ಹುಟ್ಟಿದ್ದು ಆ ಊರಲ್ಲಿ. ಅಲ್ಲಿಂದ ಅವರು ಸಾಲ ತೀರಿಸಲಾಗದೆ ರಾತ್ರೋರಾತ್ರಿ ಹೊರಟರು ಅಂತ ಲಾರಾಳ ಹಸ್ತಪ್ರತಿಯೇ ಹೇಳುತ್ತದೆ. ಕಾದಂಬರಿಯಲ್ಲಿ ಬರ್ ಓಕ್‌ನ ದಿನಗಳೇ ಇಲ್ಲ. 1877ರಲ್ಲಿ ಮತ್ತೆ ವಾಲ್ನಟ್ ಗ್ರೋವ್.

ಇನ್ನು ಕಾನ್ಸಾಸ್. ಪತ್ತೇದಾರಿ ಕೆಲಸ ಬೇಕಾಗಿದ್ದು ಇಲ್ಲಿ.

ಲಾರಾ ತನ್ನ ಪುಸ್ತಕದಲ್ಲಿ ಮನೆ ಇಂಡಿಪೆಂಡೆನ್ಸ್ ಪಟ್ಟಣದಿಂದ 40 ಮೈಲಿ ದೂರ ಅಂತ ಬರೆದಿದ್ದಳು. ಅಷ್ಟು ದೂರ ದಕ್ಷಿಣಕ್ಕೆ ಅಳೆದರೆ ಕಾನ್ಸಾಸ್ ದಾಟಿ ಈಗಿನ ಓಕ್ಲಹೋಮಕ್ಕೆ ಹೋಗುತ್ತೀರಿ. ಅವಳೂ ಅವಳ ಮಗಳು ರೋಸ್ ಕೂಡ ಅಲ್ಲೆಲ್ಲ ಹುಡುಕಿ ಬರಿಗೈಲಿ ಬಂದರು. ಅಲ್ಲಿದ್ದಾಗ ಲಾರಾಗೆ ಎರಡೂವರೆ ಮೂರು ವರ್ಷ, ಪಾಪ ಅವಳಿಗೆ ಮೈಲಿ ಲೆಕ್ಕ ಹೇಗೆ ಗೊತ್ತಿರಬೇಕು. ಅಪ್ಪ ಅಮ್ಮ ಹೇಳಿದ ಕತೆಯನ್ನು ತನ್ನದೇ ನೆನಪು ಅಂದುಕೊಂಡಿದ್ದಳು. ಈ ತಪ್ಪು ನಮ್ಮೆಲ್ಲರ ಮನೆಯಲ್ಲೂ ಇದೆ.

ಸುಳಿವು ಇದ್ದದ್ದು ಮನೆಯ ಬೈಬಲ್‌ನಲ್ಲಿ. ಆಗಿನವರು ಹುಟ್ಟು ಸಾವು ಬರೆದಿಡುತ್ತಿದ್ದ ಪುಟದಲ್ಲಿ ಕ್ಯಾರಿಯ ಹುಟ್ಟೂರು ಕಾನ್ಸಾಸ್‌ನ ಮಾಂಟ್ಗೊಮರಿ ಕೌಂಟಿ ಅಂತ ಇತ್ತು. ಅಂದರೆ ಓಕ್ಲಹೋಮ ಅಲ್ಲವೇ ಅಲ್ಲ. 1960ರ ದಶಕದಲ್ಲಿ ಕಾನ್ಸಾಸ್‌ನ ಸಂಶೋಧಕಿಯೊಬ್ಬರು ಆ ಕೌಂಟಿಯ 1870ರ ಜನಗಣತಿಯನ್ನು ಹಿಡಿದು ಕೂತರು. ರಟ್ಲೆಂಡ್ ಟೌನ್‌ಶಿಪ್‌ನ ಹಾಳೆಗಳಲ್ಲಿ ಸಂಸಾರ ಸಿಕ್ಕಿತು. ಆದರೆ ಹೆಸರಿನ ಅಕ್ಷರ ಬೇರೆ. ಇಂಗ್ಲಿಷಿನ ಎ ಮತ್ತು ಒಂದು ಎಲ್ ಮಾಯವಾಗಿ, ಒಂದು ಇ ಸೇರಿಕೊಂಡಿತ್ತು. ಗಣತಿಯವನು ಕಿವಿಗೆ ಬಿದ್ದಂತೆ ಬರೆದಿದ್ದ. ಕನ್ನಡದಲ್ಲಿ ಬರೆದರೆ ಎರಡೂ ಇಂಗಲ್ಸ್ ಅಂತಲೇ ಆಗುತ್ತದೆ, ನಮಗೆ ಈ ತಲೆನೋವೇ ಇಲ್ಲ! ಇಂಗ್ಲಿಷಿನವರು ಇದಕ್ಕೆ ಸೌಂಡೆಕ್ಸ್ ಅನ್ನೋ ಸಂಕೇತ ಮಾಡಿಕೊಂಡಿದ್ದಾರೆ. ಮೊದಲ ಅಕ್ಷರ ಹಾಗೇ ಇಟ್ಟು, ಸ್ವರಗಳನ್ನು ಬಿಟ್ಟು, ಒಂದೇ ಥರ ಕೇಳುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುತ್ತಾರೆ. ಎರಡು ಬಗೆಯ ಬರವಣಿಗೆಗೂ ಐ-524 ಅಂತಲೇ ಬರುತ್ತದೆ, ಹಾಗಾಗಿ ಯಂತ್ರ ಹಿಡಿಯುತ್ತದೆ. ಆದರೆ ಗಣತಿಯವನು ಮೊದಲ ಅಕ್ಷರವನ್ನೇ ಇ ಅಂತ ಬರೆದಿದ್ದರೆ ಸೌಂಡೆಕ್ಸ್ ಕೂಡ ಕೈಕೊಡುತ್ತಿತ್ತು. ಆಗ ಹಾಳೆ ಹಾಳೆ ಓದೋದೊಂದೇ ದಾರಿ.

ಆ ಹಾಳೆಯಲ್ಲಿ ಭೂಮಿಯ ಬೆಲೆ ಬರೆಯುವ ಕಾಲಂ ಖಾಲಿ. ಇವರ ಮನೆಗೆ ಮಾತ್ರವಲ್ಲ, ಅಕ್ಕಪಕ್ಕದವರಿಗೂ ಖಾಲಿ. ಹಾಗಂತ ಇವರೆಲ್ಲ ಕೂಲಿಯವರಲ್ಲ. ಈ ಭೂಮಿ ಓಸೇಜ್ ಎಂಬ ಮೂಲನಿವಾಸಿ ಜನರದ್ದು, ಇಲ್ಲಿ ಕೂತವರಿಗೆ ಹಕ್ಕಿಲ್ಲ ಅಂತ ಗಣತಿಯವನೇ ಟಿಪ್ಪಣಿ ಬರೆದಿಟ್ಟಿದ್ದ. ಒಂದು ಖಾಲಿ ಕಾಲಂ ಇಡೀ ಸಂಸಾರ ಅಕ್ರಮವಾಗಿ ಕೂತಿತ್ತು ಅನ್ನೋದನ್ನು ಹೇಳಿಬಿಡುತ್ತದೆ. ಓಸೇಜರ ಮೀಸಲು ಭೂಮಿಯ ಮೇಲೆ ಗುಡಿಸಲು ಹಾಕಿಕೊಂಡು, ಕಾನೂನು ಇವತ್ತಲ್ಲ ನಾಳೆ ನಮ್ಮ ಕಡೆ ತಿರುಗುತ್ತದೆ ಅಂತ ಕಾದವರು ಸಾವಿರಾರು ಜನ. ತಿರುಗಿತು ಕೂಡ. 1870ರ ಜುಲೈ 15ರ ಕಾಯಿದೆ ಓಸೇಜರನ್ನು ದಕ್ಷಿಣಕ್ಕೆ ಕಳಿಸಿ, ಅಲ್ಲಿ ಕೂತವರಿಗೆ ಎಕರೆಗೆ ಒಂದೂಕಾಲು ಡಾಲರಿನಂತೆ ಕೊಳ್ಳಲು ಬಿಟ್ಟಿತು. ಪೂರ್ವಜರ ಕತೆ ಹುಡುಕುವವರು ಈ ಕಾಲಂ ಹತ್ತಿರ ಬಂದಾಗ ಕಣ್ಣು ತಿರುಗಿಸಿಕೊಂಡು ಮುಂದೆ ಹೋಗುವುದು ಜಾಸ್ತಿ. ಹೋಗಬಾರದು.

ಮನೆಯ ಜಾಗ ಗೊತ್ತು ಮಾಡಿದ್ದು ನೆರೆಮನೆಯವರಿಂದ. ಹಕ್ಕುಪತ್ರ ಇಲ್ಲದ ಮೇಲೆ ಚಾರ್ಲ್ಸ್‌ನ ಹೆಸರು ಜಮೀನಿನ ದಾಖಲೆಯಲ್ಲಿ ಎಲ್ಲಿಂದ ಬರಬೇಕು? ಆದರೆ ಗಣತಿಯವನು ಮನೆಯಿಂದ ಮನೆಗೆ ನಡೆದ ಕ್ರಮ ಹಾಳೆಯಲ್ಲಿದೆ. ಮುಂದಿನ, ಹಿಂದಿನ ಮನೆಯವರಲ್ಲಿ ಕೆಲವರು ಆಮೇಲೆ ಅಲ್ಲೇ ಉಳಿದು ಜಮೀನು ಕೊಂಡರು, ಅವರ ಸರ್ವೆ ವಿವರ ಸಿಗುತ್ತದೆ. ಅದನ್ನು ನಕ್ಷೆಯ ಮೇಲೆ ಗುರುತು ಹಾಕುತ್ತಾ ಬಂದರೆ ನಡುವೆ ಎಲ್ಲಿ ಜಾಗ ಉಳಿಯುತ್ತದೋ ಅಲ್ಲಿ ಇಂಗಲ್ಸ್ ಮನೆ. ಹತ್ತಿರದ ಮನೆಗಳಲ್ಲೊಂದು ಡಾಕ್ಟರ್ ಜಾರ್ಜ್ ಟ್ಯಾನ್‌ನದು. ಇಡೀ ಸಂಸಾರ ಚಳಿಜ್ವರದಲ್ಲಿ, ಅಂದರೆ ಮಲೇರಿಯಾದಲ್ಲಿ ಬಿದ್ದಿದ್ದಾಗ ಬದುಕಿಸಿದ ಕಪ್ಪು ವೈದ್ಯ. ಕಾದಂಬರಿಯಲ್ಲಿ ಬರುವ ಆ ವೈದ್ಯ ಕಟ್ಟುಕತೆ ಅಂದುಕೊಂಡಿದ್ದವರಿಗೆ ಜನಗಣತಿಯೇ ಉತ್ತರ ಕೊಟ್ಟಿತು. ಅವನ ಸಮಾಧಿ ಇಂಡಿಪೆಂಡೆನ್ಸ್ ಪಟ್ಟಣದಲ್ಲಿದೆ. ನಕ್ಷೆ ತೋರಿಸಿದ ಜಾಗಕ್ಕೆ ಹೋಗಿ ನೋಡಿದಾಗ ಅಲ್ಲಿ ಕೈಯಲ್ಲಿ ತೋಡಿದ ಹಳೇ ಬಾವಿ ಇತ್ತು. ಪಟ್ಟಣದಿಂದ ದೂರ 40 ಮೈಲಿ ಅಲ್ಲ, ಸುಮಾರು 13.

ಹಾಗಾದರೆ ಕಾನ್ಸಾಸ್ ಬಿಟ್ಟದ್ದು ಯಾಕೆ? ಸೈನಿಕರು ಬಂದು ಓಡಿಸುತ್ತಾರೆ ಅನ್ನುವ ಸುದ್ದಿಗೆ ಅಪ್ಪ ಸಿಟ್ಟಾಗಿ ಹೊರಟ ಅಂತ ಕಾದಂಬರಿ ಹೇಳುತ್ತದೆ. ಕಾಯಿದೆ ಇವರ ಕಡೆಗೇ ತಿರುಗಿತ್ತಲ್ಲ, ಸಿಟ್ಟು ಯಾಕೆ? ಉತ್ತರ ಇರೋದು ಉತ್ತರಕ್ಕೆ ನೂರಾರು ಮೈಲಿ ದೂರದ ವಿಸ್ಕಾನ್ಸಿನ್‌ನಲ್ಲಿ. ಪೆಪಿನ್ ಹತ್ತಿರದ ಜಮೀನನ್ನು ಚಾರ್ಲ್ಸ್ 1868ರಲ್ಲಿ ಕಂತಿನ ಮೇಲೆ ಗುಸ್ಟಾಫ್ ಗುಸ್ಟಾಫ್‌ಸನ್ ಎಂಬುವನಿಗೆ ಮಾರಿ ಹೊರಟಿದ್ದ. ಅವನಿಗೆ ಕಂತು ಕಟ್ಟೋಕೆ ಆಗಲಿಲ್ಲ, ಜಮೀನು ವಾಪಸ್ ಬಂತು. 160 ಎಕರೆ ಕೊಳ್ಳೋಕೆ 200 ಡಾಲರ್ ಬೇಕು, ಬರಬೇಕಾದ ಕಂತು ಬಂದಿಲ್ಲ, ಅತ್ತ ಹಳೇ ಮನೆ ಖಾಲಿ ಬಿದ್ದಿದೆ. ನೀವಾದರೂ 1871ರಲ್ಲಿ ಗಾಡಿ ಹೂಡುತ್ತಿದ್ದಿರಿ. ನಡುವೆ ಮಿಸೌರಿಯ ಚಾರಿಟನ್ ಕೌಂಟಿಯಲ್ಲೂ ಸ್ವಲ್ಪ ಕಾಲ ಇದ್ದರು, ಅದೂ ಕಾದಂಬರಿಯಲ್ಲಿಲ್ಲ, ಜಮೀನಿನ ಪತ್ರದಲ್ಲಿದೆ.

ವಿಸ್ಕಾನ್ಸಿನ್‌ಗೆ ಬಂದ ಮೇಲೆ ದಾರಿ ಸಲೀಸು. 1860ರ ಫೆಬ್ರವರಿ 1ರಂದು ಕಾನ್‌ಕಾರ್ಡ್‌ನಲ್ಲಿ ಚಾರ್ಲ್ಸ್ ಮತ್ತು ಕ್ಯಾರೊಲೈನ್ ಕ್ವೈನರ್ ಮದುವೆ. ಆದರೆ ಇಲ್ಲಿ ಒಂದು ಗಂಟು ಇದೆ. ಚಾರ್ಲ್ಸ್‌ನ ಸೋದರ ಪೀಟರ್ ಮದುವೆಯಾದದ್ದು ಕ್ಯಾರೊಲೈನ್‌ಳ ತಂಗಿ ಇಲೈಜಾಳನ್ನು. ಸೋದರಿ ಪಾಲಿ ಮದುವೆಯಾದದ್ದು ಕ್ಯಾರೊಲೈನ್‌ಳ ಅಣ್ಣ ಹೆನ್ರಿಯನ್ನು. ಎರಡು ಮನೆಗಳ ನಡುವೆ ಮೂರು ಮದುವೆ! ನಮ್ಮ ಕಡೆ ಕೊಟ್ಟು ತರುವ ಸಂಬಂಧ ಅಂತೀವಲ್ಲ, ಉತ್ತರ ಕರ್ನಾಟಕದಲ್ಲಿ ಸಾಟಿ ಮದುವೆ ಅಂತಾರೆ, ಹೆಚ್ಚುಕಡಿಮೆ ಅದೇ. ವಂಶವೃಕ್ಷದ ತಂತ್ರಾಂಶಕ್ಕೆ ಇದು ಅರ್ಥ ಆಗೋದಿಲ್ಲ, ಇಬ್ಬರು ಬೇರೆ ಬೇರೆ ಜನರನ್ನು ಒಬ್ಬರೇ ಅಂದುಕೊಂಡು ಸೇರಿಸಿಬಿಡುತ್ತದೆ.

ಇನ್ನೂ ಹಿಂದೆ ಹೋದರೆ ಇಲಿನಾಯ್ಸ್‌ನ ಕೇನ್ ಕೌಂಟಿ, ಅದಕ್ಕೂ ಹಿಂದೆ ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಎಂಬ ಊರು, ಅಲ್ಲಿ 1836ರಲ್ಲಿ ಚಾರ್ಲ್ಸ್ ಹುಟ್ಟಿದ. ಮನೆಯಲ್ಲಿದ್ದ ಎಲ್ಲರ ಹೆಸರು ಜನಗಣತಿಯಲ್ಲಿ ಬರೋದು 1850ರಿಂದ. 1840ರದ್ದರಲ್ಲಿ ಯಜಮಾನನ ಹೆಸರು ಮಾತ್ರ. ಅಪ್ಪ ಲ್ಯಾನ್ಸ್‌ಫರ್ಡ್‌ನ ಹೆಸರಿನ ಎದುರು, ಐದು ವರ್ಷದೊಳಗಿನ ಗಂಡುಮಕ್ಕಳ ಕಾಲಂನ ಅಂಕಿಯಲ್ಲಿ ನಾಲ್ಕು ವರ್ಷದ ಚಾರ್ಲ್ಸ್ ಅಡಗಿರಬೇಕು, ಅಷ್ಟೇ. ಅದರಾಚೆ 1692ರಲ್ಲಿ ಸೇಲಂನಲ್ಲಿ ಮಾಟಗಾತಿ ಅಂತ ಗಲ್ಲಿಗೇರಿಸಿದ ಮಾರ್ಥಾ ಕ್ಯಾರಿಯರ್‌ವರೆಗೆ ನಂಟು ಎಳೆಯಬಹುದು, ಅವಳ ತಾಯಿ ಇಂಗಲ್ಸ್ ಮನೆತನದವಳು. ಜನ ಅಲ್ಲಿಗೆ ಓಡುತ್ತಾರೆ. ನನಗೆ ಹಿಟ್ಟಿನ ಪೀಪಾಯಿಯೇ ಸಾಕು.

ಇನ್ನು ಮೊದಲು ಹೇಳಿದ ಮಾತು. ಮೇರಿ ಮದುವೆಯಾಗಲಿಲ್ಲ, 1928ರಲ್ಲಿ ತೀರಿಕೊಂಡಳು. ಗ್ರೇಸ್‌ಗೆ ಮಕ್ಕಳಾಗಲಿಲ್ಲ. ಕ್ಯಾರಿ ನಲವತ್ತು ದಾಟಿದ ಮೇಲೆ ಇಬ್ಬರು ಮಕ್ಕಳಿದ್ದ ವಿಧುರನನ್ನು ಮದುವೆಯಾಗಿ ಆ ಮಕ್ಕಳನ್ನು ಸಾಕಿದಳು. ರಕ್ತಸಂಬಂಧ ಅಲ್ಲ, ಆದರೂ ಮೊಮ್ಮಕ್ಕಳು ಅಂತ ಸೇರಿಸಿಬಿಡೋದು ಬಲು ಸುಲಭ. ಲಾರಾಗೆ ಒಬ್ಬ ಮಗ ಹುಟ್ಟಿ ಹೆಸರಿಡುವ ಮೊದಲೇ 1889ರಲ್ಲಿ ಸತ್ತ. ಉಳಿದವಳು ರೋಸ್ ಒಬ್ಬಳೇ, ಅವಳಿಗೂ ಮಕ್ಕಳು ಉಳಿಯಲಿಲ್ಲ. 1968ರಲ್ಲಿ ರೋಸ್ ಹೋದಳು, ಅಲ್ಲಿಗೆ ಚಾರ್ಲ್ಸ್‌ನ ಬಳ್ಳಿ ಮುಗಿಯಿತು.

ಹಾಗಾದರೆ ಇಂಗಲ್ಸ್ ಮೊಮ್ಮಕ್ಕಳು ಅಂತ ಹೇಳಿಕೊಳ್ಳುವವರೆಲ್ಲ ಸುಳ್ಳರೇ? ಅಲ್ಲ. ಪೀಟರ್ ಮತ್ತು ಇಲೈಜಾ ಸಂತಾನದವರಾಗಿದ್ದರೆ ಅವರ ಹಿರಿಯರೇ ಲಾರಾಳ ಹಿರಿಯರು, ಅಪ್ಪನ ಕಡೆಯೂ ಅಮ್ಮನ ಕಡೆಯೂ. ಪಾಲಿ ಮತ್ತು ಹೆನ್ರಿ ಸಂತಾನಕ್ಕೂ ಅದೇ ಮಾತು. ಲಾರಾ ಮತ್ತು ಈ ದಂಪತಿಗಳ ಮಕ್ಕಳಂಥ ಡಬಲ್ ಕಸಿನ್‌ಗಳ, ಅಂದರೆ ಅಪ್ಪ ಅಮ್ಮ ಎರಡೂ ಕಡೆಯಿಂದ ಕಸಿನ್ ಆದವರ, ಡಿಎನ್‌ಎ ಸರಾಸರಿ ಕಾಲು ಭಾಗ ಹೊಂದುತ್ತದೆ, ಅಂದರೆ ಒಬ್ಬನೇ ಅಪ್ಪ, ಬೇರೆ ಬೇರೆ ತಾಯಂದಿರ ಮಕ್ಕಳ ನಡುವೆ ಇರುವಷ್ಟು. ಫ್ರೆಡ್ಡಿಯನ್ನು ಮಣ್ಣು ಮಾಡಿದ್ದು ಆ ಪೀಟರ್ ಇಲೈಜಾ ಇದ್ದ ಊರಿನ ಆಸುಪಾಸಿನಲ್ಲೇ. ಯಾವ ಜಾಗದಲ್ಲಿ ಅನ್ನೋದಕ್ಕೆ ಗುರುತಿಲ್ಲ.